ಗಂಟೆಣ್ಣ ಕಂಪ್ಯೂಟರ್ ಕಲಿತ ವರ್ಷ

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂದು ಮೊದಲ ಪಾಠದಲ್ಲೇ ಹೇಳಿಕೊಟ್ಟಿದ್ದೆ. ಹಾಗಾಗಿ ಆ ವರ್ಷದ ತಪ್ಪುಗಳೆಲ್ಲ ಮನುಷ್ಯರ ಪಾಲಿಗೇ ಉಳಿದವು. ನಾವು ಅವನ್ನು ವಾರಕ್ಕೊಂದರಂತೆ, ರಜೆ ಹಾಕದೆ ಮಾಡಿದೆವು.

ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮುಗಿಸಿ, ಅದರಿಂದ ಏನೂ ಆಗುವುದಿಲ್ಲ ಎಂಬುದನ್ನು ಎರಡು ವರ್ಷದ ಸ್ವಂತ ಸಂಶೋಧನೆಯಿಂದ ಕಂಡುಕೊಂಡು, ನಂಜನಗೂಡಿನ ಒಂದು ಖಾಸಗಿ ಸಮುದಾಯ ಕಾಲೇಜಿನಲ್ಲಿ ಪಾಠಕ್ಕೆ ಸೇರಿದ್ದೆ. ಕೋರ್ಸಿನ ಹೆಸರು ಕಂಪ್ಯೂಟರ್ ಎಲೆಕ್ಟ್ರಾನಿಕ್ಸ್ ಟೆಕ್ನಾಲಜಿ. ಒಂದು ವರ್ಷದ್ದು. ದುಡಿಯುವ ಜನಕ್ಕೆ ಅನುಕೂಲವಾಗಲೆಂದು ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಇಡೀ ದಿನ ತರಗತಿ. ಉಳಿದ ಐದು ದಿನ ನಾನು ಏನು ಮಾಡುತ್ತಿದ್ದೆ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕಾಲೇಜು ಎಂದರೆ ಅಕ್ಕಿ ಮಂಡಿಯ ಮೇಲಿನ ಮೂರು ಕೋಣೆ. ಮಂಡಿಯ ಯಜಮಾನರೇ ಕಾಲೇಜಿನ ಕಾರ್ಯದರ್ಶಿಗಳು. ಕಂಪ್ಯೂಟರ್ ನಾಲ್ಕಿದ್ದವು. ಮೂರು ಓಡುತ್ತಿದ್ದವು. ನಾಲ್ಕನೆಯದನ್ನು ಬಿಚ್ಚಿ ಜೋಡಿಸುವುದನ್ನು ಕಲಿಸಲು ಇಟ್ಟಿದ್ದೇವೆ ಎನ್ನುತ್ತಿದ್ದೆವು.

ಯಾವ ಸಮುದಾಯ?

‘ಸಮುದಾಯ ಕಾಲೇಜು’ ಎಂದು ದೊಡ್ಡ ಅಕ್ಷರದ ಬೋರ್ಡು ಬರೆಸಿ ಹಾಕಿದ್ದರು. ಒಂದು ವಾರ ಯಾರೂ ಮೆಟ್ಟಿಲು ಹತ್ತಲಿಲ್ಲ. ಎಂಟನೆಯ ದಿನ ಒಬ್ಬ ಯಜಮಾನ ಮಗಳ ಅಂಕಪಟ್ಟಿ ಹಿಡಿದು ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತು ಕೇಳಿದ:

“ಇದು ಯಾವ ಸಮುದಾಯದ್ದು ಸಾ?”

“ಎಲ್ಲರದ್ದೂ.”

“ಅದ್ಸರಿ. ಕಟ್ಸಿರೋರು ಯಾರು?”

ನಮ್ಮ ಊರುಗಳಲ್ಲಿ ಸಮುದಾಯ ಭವನ ಎಂದರೆ ಯಾರದೋ ಒಬ್ಬರ ಭವನ. ಆ ಪದಕ್ಕೆ ಬೇರೆ ಬಳಕೆ ಇರುವುದು ಪುಸ್ತಕದಲ್ಲಿ ಮಾತ್ರ. ಇಂಗ್ಲಿಷಿನಲ್ಲಿ ಇದನ್ನು ಕಮ್ಯುನಿಟಿ ಕಾಲೇಜು ಅನ್ನುತ್ತಾರೆ, ಸುತ್ತಮುತ್ತಲಿನ ಜನಕ್ಕೆಲ್ಲ ಅಂತ, ಎಂದು ವಿವರಿಸಿದೆ.

“ಇಂಗ್ಲಿಷ್ನಾಗೂ ಅದೇ ಕಣ್ ಸಾ. ಅರ್ಜಿ ಫಾರಮ್ಮಿನಾಗೆ ಕಮ್ಯುನಿಟಿ ಅಂತ ಒಂದು ಮನೆ ಇರ್ತದಲ್ಲ, ಅಲ್ಲಿ ನಾವು ಬರಿಯೋದು ಏನ?”

ಆತ ಹೇಳಿದ್ದು ನಿಜ. ಕಾರ್ಯದರ್ಶಿಗಳಿಗೆ ವಿಷಯ ತಿಳಿಸಿದೆ. ಅವರು ಮರುದಿನವೇ ಬೋರ್ಡಿನ ಕೆಳಗೆ ಕೆಂಪು ಬಣ್ಣದಲ್ಲಿ ಬರೆಸಿದರು: ‘ಎಲ್ಲ ಸಮುದಾಯದವರಿಗೂ ಪ್ರವೇಶವಿದೆ.’

ಸಂಜೆ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೆ. ಇಬ್ಬರು ಆ ಹೊಸ ಸಾಲನ್ನು ಓದಿದರು. ಒಬ್ಬ ಇನ್ನೊಬ್ಬನಿಗೆ ಹೇಳಿದ:

“ನೋಡ್ಲಾ, ಅವ್ರವ್ರೇ ಸಾಕಾಗ್ನಿಲ್ಲ ಅಂತ ಕಾಣ್ತದೆ. ಈಗ ನಮ್ಮುನ್ನೂ ಕರೀತಾವ್ರೆ.”

ಒಳಗಿನ ಗಂಟೆಯವನು

ಹೇಗೋ ಹದಿನೆಂಟು ಜನ ಸೇರಿದರು. ಹದಿನೇಳು ಜನಕ್ಕೆ ಇಪ್ಪತ್ತರ ಆಸುಪಾಸು. ಒಬ್ಬರಿಗೆ ನಲವತ್ತು. ಅವರು ಟಿ. ನರಸೀಪುರ ದಾಟಿ, ಮುಡುಕುತೊರೆ ಕಡೆಯ ಒಂದು ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಅಲ್ಲಿನ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಗಂಟೆ ಹೊಡೆಯುವ ಕೆಲಸ. ಹನ್ನೊಂದು ವರ್ಷದಿಂದಲೂ ಟೆಂಪರರಿ. ಹುಡುಗರು ಮೊದಲ ದಿನವೇ ಅವರಿಗೆ ಗಂಟೆಣ್ಣ ಎಂದು ಹೆಸರಿಟ್ಟರು. ಅವರಿಗೂ ಅದು ಒಪ್ಪಿಗೆಯಾಯಿತು.

ಆ ಶಾಲೆಗೆ ಕಂಪ್ಯೂಟರ್ ಬರುವುದಿತ್ತು. ಅದರ ಜತೆಗೆ ಲ್ಯಾಬ್ ಸಹಾಯಕನ ಒಂದು ಕಾಯಂ ಹುದ್ದೆ. ಹೆಡ್‌ಮಾಸ್ಟರು ಗಂಟೆಣ್ಣನನ್ನು ಕರೆದು ಹೇಳಿದ್ದರು: “ಜೂನ್ ಒಳಗೆ ಕಂಪ್ಯೂಟರ್ ಸರ್ಟಿಫಿಕೇಟ್ ತಂದರೆ ಹುದ್ದೆ ನಿನ್ನದು. ತರದಿದ್ದರೆ ನಮ್ಮ ಶಾಲೆ ಕಮಿಟಿ ಅಧ್ಯಕ್ಷರ ತಂಗಿ ಮಗನದು. ಅವನು ಆಗಲೇ ತಲೆ ಬಾಚಿಕೊಂಡು ಕೂತಿದ್ದಾನೆ.”

ಗಂಟೆಣ್ಣ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಪಾಠ ಶುರುವಾಗಿ ಸರಿಯಾಗಿ ನಲವತ್ತು ನಿಮಿಷಕ್ಕೆ ಎದ್ದು ನಿಲ್ಲುತ್ತಿದ್ದರು.

“ಏನು ಯಜಮಾನ್ರೇ, ಸಂದೇಹವಾ?”

“ಏನಿಲ್ಲ ಸಾ. ಪೀರಿಯಡ್ ಆಯ್ತು, ಕೈ ತಡೀನಿಲ್ಲ.”

ಒಂದು ಭಾನುವಾರ ಕಂಪ್ಯೂಟರಿನೊಳಗಿನ ಕ್ಲಾಕ್ ಬಗ್ಗೆ ಹೇಳುತ್ತಿದ್ದೆ. “ಅದು ಟಿಕ್ ಅಂದಾಗ ಮಾತ್ರ ಒಳಗಿನ ಎಲ್ಲವೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತವೆ. ಅದು ನಿಂತರೆ ಎಲ್ಲವೂ ನಿಂತಲ್ಲೇ ನಿಲ್ಲುತ್ತವೆ.”

ಗಂಟೆಣ್ಣನ ಮುಖ ಅರಳಿತು. “ಅಂದ್ರೆ ಒಳ್ಗೆ ನನ್ನಂಗೆ ಒಬ್ಬ ಅವ್ನೆ ಅನ್ನಿ.”

“ಹಾಗೇ ಅಂದುಕೊಳ್ಳಿ.”

“ದಿನುಕ್ಕೆ ಎಷ್ಟ್ ಸಲ ಒಡೀತಾನೆ?”

“ದಿನಕ್ಕಲ್ಲ. ಸೆಕೆಂಡಿಗೆ ಮೂವತ್ತಮೂರು ಕೋಟಿ ಸಲ.”

ಹಿಂದಿನ ಬೆಂಚಿನಿಂದ ಯಾರೋ “ದೇವ್ರು ಎಷ್ಟೋ ಅಷ್ಟೇಯ” ಎಂದು ಪಿಸುಗುಟ್ಟಿದರು. ಗಂಟೆಣ್ಣನಿಗೆ ದೇವರ ಯೋಚನೆ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿ, ತಗ್ಗಿದ ದನಿಯಲ್ಲಿ ಕೇಳಿದರು:

“ಪರ್ಮನೆಂಟಾ ಸಾ ಅವ್ನು?”

ಹತ್ತು ಅಂದರೆ ಹದಿನಾರು

ತರಗತಿಯಲ್ಲಿ ಹದಿನಾರು ಗ್ರಾಮದ ಒಬ್ಬ ಹುಡುಗಿ ಇದ್ದಳು. ಚುರುಕು. ಅವಳ ಊರಿನ ಹೆಸರಿನಿಂದ ಎಲ್ಲ ಕಡೆ ತೊಂದರೆ. ಬಸ್ಸಿನಲ್ಲಿ “ಹದಿನಾರು ಎರಡು” ಎಂದರೆ ಹೊಸ ಕಂಡಕ್ಟರ್ “ಒಟ್ಟು ಎಷ್ಟಮ್ಮ?” ಎನ್ನುತ್ತಿದ್ದ. ನಮ್ಮ ಪ್ರವೇಶದ ಅರ್ಜಿಯಲ್ಲಿ ಅಟೆಂಡರು ಅವಳ ಊರಿನ ಮುಂದೆ ಅಂಕಿಯಲ್ಲಿ 16 ಎಂದು ಬರೆದುಬಿಟ್ಟಿದ್ದ. ಅವನ ಸಮಜಾಯಿಷಿ, ಜಾಗ ಕಡಿಮೆ ಇತ್ತು.

ಹೆಕ್ಸಾಡೆಸಿಮಲ್ ಪಾಠ ಬಂತು. ನಾವು ಹತ್ತರ ಗುಂಪಿನಲ್ಲಿ ಎಣಿಸಿದರೆ ಇದು ಹದಿನಾರರ ಗುಂಪಿನಲ್ಲಿ ಎಣಿಸುವ ಲೆಕ್ಕ. ಬೋರ್ಡಿನ ಮೇಲೆ ಬರೆದು ತೋರಿಸಿದೆ: “ಇದರಲ್ಲಿ ಹದಿನಾರನ್ನು ಒಂದು, ಸೊನ್ನೆ ಅಂತ ಬರೀತಾರೆ. ನೋಡೋಕೆ ಹತ್ತು ಇದ್ದಂಗೆ ಕಾಣುತ್ತೆ.”

ಹುಡುಗಿ ಎದ್ದು ನಿಂತಳು. “ಸಾರ್, ಒಂದು ಕಡೆ ನೆಟ್ಟಗೆ ಊರು ಅಂತ ಬರೀರಿ ಅಂತ ನಾನು ಬಡ್ಕೊತಾ ಇದೀನಿ. ನೀವು ಇರೋ ಹದಿನಾರ್ನೂ ಹತ್ತು ಮಾಡಿದ್ರಿ.”

ನಗು ಇಳಿದ ಮೇಲೆ ಗಂಟೆಣ್ಣ ಕೈ ಎತ್ತಿದರು. “ಈ ಲೆಕ್ಕದಲ್ಲಿ ನಲವತ್ತುಕ್ಕೆ ಏನ್ ಬತ್ತದೆ ಸಾ?”

“ಎರಡು, ಎಂಟು. ಇಪ್ಪತ್ತೆಂಟು ಅಂತ ಕಾಣುತ್ತೆ.”

ಅವರು ಅದನ್ನು ನೋಟ್ಸಿನಲ್ಲಿ ಬರೆದು ಎರಡು ಗೆರೆ ಎಳೆದುಕೊಂಡರು. ಈ ವಯಸ್ಸಿನಲ್ಲಿ ಕಾಲೇಜಿಗೆ ಹೋಗುವುದನ್ನು ಕಂಡು ಅವರ ಹೆಂಡತಿ ದಿನವೂ ನಗುತ್ತಿದ್ದರಂತೆ. ಮುಂದಿನ ವಾರ ಕೇಳಿದೆ: “ಹೇಳಿದಿರಾ ಮನೇಲಿ?”

“ಯೋಳ್ದೆ ಸಾ. ಅಂಗಾದ್ರೆ ನಂಗೆ ಮೂವತ್ತೆರಡು, ನಂದೆಷ್ಟಾಯ್ತದೆ ಅಂದ್ಲು.”

“ಇಪ್ಪತ್ತು.”

“ಗೊತ್ತು ಸಾ, ನಾನೂ ಲೆಕ್ಕ ಆಕ್ದೆ. ಯೋಳ್ನಿಲ್ಲ. ಇಪ್ಪತ್ತು ಅಂತ ಗೊತ್ತಾದ್ರೆ ನನ್ನೇನು ಅವ್ಳು ಮನೇಲಿ ಇಕ್ಕತಾಳಾ?”

ಓಮ್ ಪ್ರಯೋಗ

ನಮ್ಮ ಅಟೆಂಡರನ ಕನ್ನಡದಲ್ಲಿ ಪದದ ಮೊದಲಿಗೆ ‘ಹ’ ಇರಲಿಲ್ಲ. ಹಾಲು ಆಲು, ಹಗ್ಗ ಅಗ್ಗ, ಹಳ್ಳಿ ಅಳ್ಳಿ. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಒಂದು ಶನಿವಾರ ಅವನಿಗೆ ಹೇಳಿದೆ: “ನಾಳೆ ಬೆಳಿಗ್ಗೆ ಹತ್ತಕ್ಕೆ ಓಮ್ ಪ್ರಯೋಗ ಇದೆ. ಲ್ಯಾಬ್ ತೊಳೆದು, ಬೇಕಾದ್ದನ್ನೆಲ್ಲ ಜೋಡಿಸಿಡು.”

ಓಮ್ ಎಂಬವನ ನಿಯಮ ಎಲೆಕ್ಟ್ರಾನಿಕ್ಸಿನ ಮೊದಲ ಮೆಟ್ಟಿಲು. ವೋಲ್ಟೇಜು ಏರಿಸುತ್ತ ಹೋಗಿ ಕರೆಂಟನ್ನು ಅಳೆದು ನಕ್ಷೆ ಬರೆದರೆ ಗೆರೆ ನೇರವಾಗಿ ಬರಬೇಕು. ನಮ್ಮ ಲ್ಯಾಬಿನಲ್ಲಿ ನಾನೊಬ್ಬನೇ ಮಾಡಿ ನೋಡಿದಾಗ ಅದು ಒಮ್ಮೆಯೂ ನೇರ ಬಂದಿರಲಿಲ್ಲ. ನಮ್ಮೂರ ಕಪಿಲಾ ಹೊಳೆಯ ಹಾಗೆ ತಿರುಗಿ ತಿರುಗಿ ಹೋಗುತ್ತಿತ್ತು.

ಭಾನುವಾರ ಮೆಟ್ಟಿಲು ಹತ್ತುವಾಗಲೇ ತುಪ್ಪದ ವಾಸನೆ ಬಂತು. ಲ್ಯಾಬಿನ ನಡುವೆ ಇಟ್ಟಿಗೆ ಜೋಡಿಸಿ ಮರಳು ಹಾಸಿದ್ದರು. ಪಕ್ಕದಲ್ಲಿ ಸಮಿತ್ತು, ಅರಿಸಿನ ಕುಂಕುಮ, ಬಾಳೆಹಣ್ಣು. ಒಬ್ಬ ಪುರೋಹಿತರು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಕಾರ್ಯದರ್ಶಿಗಳು ಮಡಿ ಪಂಚೆಯಲ್ಲಿ ಹೆಂಡತಿ ಸಮೇತ ಕೂತಿದ್ದರು. ನನ್ನನ್ನು ಕಂಡು ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು.

“ಮೇಷ್ಟ್ರೇ, ನೀವು ದೇವರು ದಿಂಡರು ಒಪ್ಪೋರಲ್ಲ ಅಂತ ತಿಳ್ಕೊಂಡಿದ್ದೆ. ನೀವೇ ಬಾಯ್ಬಿಟ್ಟು ಹೋಮ ಪ್ರಯೋಗ ಆಗಬೇಕು ಅಂದ್ರಿ ಅಂತ ಇವನು ಬಂದು ಹೇಳ್ದಾಗ, ನಿಜ ಹೇಳ್ತೀನಿ, ನನ್ನ ಕಣ್ಣಲ್ಲಿ ನೀರು ಬಂತು.”

ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಹೆಂಡತಿ ನನ್ನ ಕೈಗೆ ಹೂವಿನ ತಟ್ಟೆ ಕೊಟ್ಟರು. ನಾಸ್ತಿಕನ ಧೈರ್ಯ ಕೈ ಖಾಲಿ ಇರುವ ತನಕ.

“ಸಂಕಲ್ಪ ಏನಂತ ಹೇಳಲಿ?” ಎಂದರು ಪುರೋಹಿತರು. ಎಲ್ಲರೂ ನನ್ನನ್ನು ನೋಡಿದರು. ಗಂಟೆಣ್ಣ ನನ್ನ ನೆರವಿಗೆ ಬಂದರು: “ಕರೆಂಟು ಸಲೀಸಾಗಿ ಅರೀಲಿ ಅಂತ ಯೋಳಿ ಸ್ವಾಮಿ.”

ಹೋಮ ಮುಗಿಯಿತು. ಹೊಗೆ ಇಳಿದ ಮೇಲೆ ಮಧ್ಯಾಹ್ನ ನನ್ನ ಓಮ್ ಪ್ರಯೋಗ ಮಾಡಿಸಿದೆ. ಗೆರೆ ನೇರವಾಗಿ ಬಂತು. ಸ್ಕೇಲು ಇಟ್ಟು ಎಳೆದ ಹಾಗೆ. ಹದಿನೆಂಟು ನಕ್ಷೆಗಳಲ್ಲೂ.

ಕಾರ್ಯದರ್ಶಿಗಳು ಒಂದೊಂದನ್ನೇ ಎತ್ತಿ ನೋಡಿ, ನನ್ನ ಕಡೆ ತಿರುಗಿ ಮುಗುಳ್ನಕ್ಕರು. ನಾನು ಅಟೆಂಡರನ್ನು ವಿಚಾರಿಸಿದೆ. ಲ್ಯಾಬ್ ತೊಳೆಯುವಾಗ ಅವನು ಸಡಿಲವಾಗಿದ್ದ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದ್ದ.

“ನೋಡಿ ಸಾರ್, ಸ್ಕ್ರೂ ಬಿಗಿ ಆಗಿದ್ದರಿಂದ ನೇರ ಬಂತು. ಇಷ್ಟೇ ಕಾರಣ.”

“ಸರಿ ಮೇಷ್ಟ್ರೇ, ಒಪ್ಪಿದೆ. ಬಿಗಿ ಮಾಡಬೇಕು ಅನ್ನೋ ಬುದ್ಧಿ ಇವನಿಗೆ ಆರು ತಿಂಗಳಿಂದ ಯಾಕೆ ಬರಲಿಲ್ಲ? ಅದಕ್ಕೆ ನಿಮ್ಮ ಎಂ.ಎಸ್ಸಿ.ಯಲ್ಲಿ ಏನಿದೆ ಹೇಳಿ.”



ಬಸ್ಸಿನಲ್ಲಿ ಮೂರು ಗೇಟು

ನನ್ನ ಅಕ್ಕನ ಮನೆ ಟಿ. ನರಸೀಪುರದಲ್ಲಿ. ಕೆಲವು ಭಾನುವಾರ ಸಂಜೆ ಗಂಟೆಣ್ಣನ ಜತೆಗೇ ಅಲ್ಲಿಗೆ ಹೋಗುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಿತ್ತು. ಬರೆಯುವ ಪರೀಕ್ಷೆಯ ಭಯ ಅವರಿಗಿರಲಿಲ್ಲ. ಅವರ ಭಯವೆಲ್ಲ ವೈವಾದ್ದು, ಮೈಸೂರಿನ ಪರೀಕ್ಷಕರು ಎದುರಿಗೆ ಕೂರಿಸಿಕೊಂಡು ಬಾಯಿಮಾತಿನಲ್ಲಿ ಕೇಳುವ ಪರೀಕ್ಷೆ. ಅದರಲ್ಲಿ ಬಿದ್ದರೆ ಸರ್ಟಿಫಿಕೇಟ್ ಇಲ್ಲ. ಸರ್ಟಿಫಿಕೇಟ್ ಇಲ್ಲದಿದ್ದರೆ ಹುದ್ದೆ ತಂಗಿ ಮಗನಿಗೆ.

ಬಸ್ಸಿನಲ್ಲೇ ಅಭ್ಯಾಸ ಮಾಡಿಸುತ್ತಿದ್ದೆ. ಆ ದಿನ ಕಂಪ್ಯೂಟರಿನೊಳಗೆ ಹೌದು, ಇಲ್ಲ ಎಂದು ತೀರ್ಮಾನಿಸುವ ಗೇಟುಗಳ ಸರದಿ. “ಆ್ಯಂಡ್ ಗೇಟ್ ಅಂದರೇನು ಯಜಮಾನ್ರೇ?”

ಅವರು ಪರೀಕ್ಷೆಗೆಂದು ಮರ್ಯಾದೆಯ ಭಾಷೆ ಕಲಿಯುತ್ತಿದ್ದರು. ಬಿಟ್ಟುಹೋದ ‘ಹ’ಗಳನ್ನು ಹುಡುಕಿ ತಂದು ಸಿಕ್ಕಲ್ಲೆಲ್ಲ ಹಾಕುತ್ತಿದ್ದರು.

“ಹ್ಯಾಂಡ್ ಗೇಟು ಅಂದ್ರೆ, ಕಂಡಕ್ಟ್ರು ಸೀಟಿ ಊದ್ಬೇಕು, ಡ್ರೈವ್ರು ಗೇರೂ ಆಕ್ಬೇಕು. ಎರಡೂ ಆದ್ರೇ ಬಸ್ಸು ಓಗೋದು.”

“ಸರಿ. ಆರ್ ಗೇಟ್?”

“ಹಾರ್ ಗೇಟಾ? ಮುಂದಿನ ಬಾಗ್ಲಾರ ಸರಿ, ಇಂದಿನ ಬಾಗ್ಲಾರ ಸರಿ, ಯಾವ್ದ್ರಲ್ಲಿ ಅತ್ತಿದ್ರೂ ಒಳೀಕೆ ಬತ್ತೀವಿ.”

ನಾನು ಪುಸ್ತಕದಿಂದ ಎರಡು ತಾಸು ಹೇಳಿದ್ದನ್ನು ಇವರು ಎರಡು ಸಾಲಿನಲ್ಲಿ ಮುಗಿಸಿದ್ದರು. “ನಾಟ್ ಗೇಟ್?”

“ನಮ್ ಕಮಿಟಿ ಅಧ್ಯಕ್ಷರು ಸಾ. ಊಂ ಅಂದ್ರೆ ಇಲ್ಲ. ಇಲ್ಲ ಅಂದ್ರೆ ಊಂ. ಏನ್ ಕೊಟ್ರೂ ಉಲ್ಟಾನೇ ಈಚ್ಗೆ ಬರೋದು. ಪರ್ಮನೆಂಟ್ ಮಾಡ್ತೀನಿ ಕಣ್ಲಾ ಅಂತ ಅನ್ನೊಂದು ವರ್ಸದಿಂದ ಊಂಗುಟ್ತಾವ್ರೆ.”

ಮುಂದಿನ ಸೀಟಿನಲ್ಲಿ ತಲೆಗೆ ಟವಲ್ ಸುತ್ತಿ ಮಲಗಿದ್ದವರು ಎದ್ದು ಹಿಂತಿರುಗಿದರು. ಟವಲ್ ತೆಗೆದರು. ಅಧ್ಯಕ್ಷರು. ಸಂತೆಗೆ ಬಂದು ವಾಪಸಾಗುತ್ತಿದ್ದರು.

“ಏನ್ಲಾ ಅಂದೆ?”

ಗಂಟೆಣ್ಣ ಸೀಟಿನಿಂದ ಎದ್ದು ನಿಂತರು.

“ಓದು, ಓದು. ಎಷ್ಟ್ ಓದಿದ್ರೂ ಆ ಕೆಲ್ಸ ನಿಂಗೆ ಕೊಡಾಕಿಲ್ಲ. ಬರ್ಕೊ!”

ಅಧ್ಯಕ್ಷರು ಮತ್ತೆ ಟವಲ್ ಸುತ್ತಿಕೊಂಡರು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಒಂದು ವರ್ಷದ ಓದು, ಹನ್ನೊಂದು ವರ್ಷದ ಗಂಟೆ, ಎಲ್ಲ ಒಂದು ಸ್ಟಾಪಿನ ದೂರದಲ್ಲಿ ಹೋಯಿತು ಅಂದುಕೊಂಡೆ. ಗಂಟೆಣ್ಣ ನಿಧಾನಕ್ಕೆ ಕೂತು ನನ್ನ ಕಿವಿಯ ಹತ್ತಿರ ಬಂದರು. ದನಿಯಲ್ಲಿ ಖುಷಿ.

“ಸಾ, ಇಲ್ಲ ಅಂದ್ಬುಟ್ರು. ನಾಟ್ ಗೇಟು! ಕೆಲ್ಸ ಸಿಕ್ದಂಗೇಯ.”

ವೈವಾ

ಆದರೆ ಗೇಟು ಏನೇ ಹೇಳಲಿ, ಸರ್ಟಿಫಿಕೇಟ್ ಇಲ್ಲದೆ ಹೆಡ್‌ಮಾಸ್ಟರು ಬರೆದುಕೊಡುವಂತಿರಲಿಲ್ಲ. ಅದು ಕೈಗೆ ಬರಲು ಈ ಒಂದು ಬೆಳಿಗ್ಗೆ ದಾಟಬೇಕಿತ್ತು.

ಪರೀಕ್ಷಕರು ಮೈಸೂರಿನಿಂದ ಬಂದರು. ಟೈ, ಬೂಟು, ಇಂಗ್ಲಿಷು. ನಮ್ಮ ಕಂಪ್ಯೂಟರ್ ಕೋಣೆಗೆ ಯಾರೇ ಆಗಲಿ ಕಾಲಿನದನ್ನು ಬಾಗಿಲಲ್ಲೇ ಬಿಡಬೇಕು. ಧೂಳು ಬರುತ್ತದೆ ಎಂಬುದು ನನ್ನ ಕಾರಣ, ಸರಸ್ವತಿ ಇದ್ದಾಳೆ ಎಂಬುದು ಕಾರ್ಯದರ್ಶಿಗಳದು. ಪರೀಕ್ಷಕರು ಗೊಣಗುತ್ತ ಬೂಟು, ಕಾಲುಚೀಲ ಎರಡನ್ನೂ ಬಿಚ್ಚಿದರು. ಕಾಲುಚೀಲ ಯಾಕ್ ಬಿಚ್ತೀರಿ ಎಂದರೆ ನೆಲ ಒದ್ದೆಯಿದೆ ಅಂದರು. ಅತಿಥಿಗಳೆಂದು ಅಟೆಂಡರು ಆಗಷ್ಟೇ ಒರೆಸಿದ್ದ. ಅವರಿಗೆ ಬೆಳಕು ಬರಲಿ ಎಂದು ನಾನು ಒಂದು ಕಂಪ್ಯೂಟರನ್ನು ಕಿಟಕಿಯ ಹತ್ತಿರಕ್ಕೆ ಸರಿಸಿ, ಸಿಕ್ಕಿದ ಒಂದು ಉದ್ದನೆಯ ವೈರಿನಿಂದ ಅದಕ್ಕೆ ಕರೆಂಟು ಎಳೆದಿದ್ದೆ.

ಮೊದಲ ಹೆಸರು ಗಂಟೆಣ್ಣನದು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕುರ್ಚಿಯಲ್ಲಿ ಕೂತು, ಬಲಗೈ ಬೆರಳಿನ ಹಿಂಬದಿಯನ್ನು ಕಂಪ್ಯೂಟರಿನ ತಗಡಿಗೆ ಒಮ್ಮೆ ತಾಗಿಸಿ ಹಿಂದಕ್ಕೆ ಎಳೆದುಕೊಂಡರು. ದೇವರಿಗೆ ಮುಟ್ಟಿ ನಮಸ್ಕಾರ ಮಾಡುವವರ ಹಾಗೆ ಕಂಡಿತು. ನಾನು ಬಾಗಿಲ ಹತ್ತಿರ ನಿಂತಿದ್ದೆ. ವೈವಾ ನಡೆಯುವಾಗ ಮೇಷ್ಟ್ರು ಬಾಯಿ ಬಿಡುವಂತಿಲ್ಲ.

ಪರೀಕ್ಷಕರು ಇಂಗ್ಲಿಷಿನಲ್ಲಿ ಮೊದಲ ಪ್ರಶ್ನೆ ಕೇಳಿದರು, ಕಂಪ್ಯೂಟರಿನ ಸ್ವಿಚ್ ಹಾಕಿದಾಗ ಮೊದಲು ಏನಾಗುತ್ತದೆ ಎಂದು.

ಗಂಟೆಣ್ಣ ಹೇಳಿದರು: “ಅರ್ತಾಗಿಲ್ಲ ಸಾ.”

ಈ ಪ್ರಶ್ನೆಗೆ ಅವರು ನಿದ್ದೆಯಲ್ಲೂ ಉತ್ತರ ಹೇಳುತ್ತಿದ್ದರು.

ಪರೀಕ್ಷಕರು ಅದನ್ನೇ ನಿಧಾನವಾಗಿ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಕೇಳಿದರು.

“ಅರ್ತಾಗಿಲ್ಲ ಸಾ” ಎಂದರು ಗಂಟೆಣ್ಣ, ಇನ್ನೂ ಸ್ವಲ್ಪ ಜೋರಾಗಿ.

“ಆಯ್ತು, ಕನ್ನಡದಲ್ಲೇ ಕೇಳ್ತೀನಿ. ಸ್ವಿಚ್ ಹಾಕಿದ ತಕ್ಷಣ ಏನಾಗುತ್ತೆ? ಈಗ ಅರ್ಥ ಆಯ್ತೇನ್ರೀ?”

“ಇಲ್ಲ ಸಾ. ಬೆಳಗ್ಗಿಂದ್ಲೂ ಆಗಿಲ್ಲ. ಆಗೋ ಗಂಟ ನಾನು ಇದ್ನ ಮುಟ್ಟಾಕಿಲ್ಲ.”

“ಒಂದು ವರ್ಷ ಏನ್ರೀ ಓದಿದ್ದು? ನಿಮ್ಮ ಮೇಷ್ಟ್ರಿಗಾದ್ರೂ ಅರ್ಥ ಆಗಿದೆಯಾ?”

“ಅವ್ರೇ ಸಾ ಮರ್ತಿರೋದು.”

ಪರೀಕ್ಷಕರು ನನ್ನನ್ನು ಕೆಕ್ಕರಿಸಿ ನೋಡಿದರು. ಪೆನ್ನು ಅಂಕಪಟ್ಟಿಯ ಮೇಲೆ ಇಳಿಯಿತು. ಸೊನ್ನೆಯ ಮೊದಲ ಕಾಲು ಭಾಗ ಸುತ್ತಿದ್ದು ನನಗೆ ಕಂಡಿತು. ಹನ್ನೊಂದು ವರ್ಷದ ಗಂಟೆ ಆ ಸೊನ್ನೆಯೊಳಗೆ ಹೋಗುತ್ತಿತ್ತು. ಅಷ್ಟರಲ್ಲಿ ಅವರ ಸಿಟ್ಟು ಮೇರೆ ಮೀರಿ, ಪೆನ್ನು ಬಿಟ್ಟು, “ಇದು! ಇದು! ಇದಕ್ಕೆ ಸ್ವಿಚ್ ಹಾಕಿದರೆ!” ಎಂದು ಕಂಪ್ಯೂಟರಿನ ತಗಡಿನ ಮೇಲೆ ಅಂಗೈಯಿಂದ ಬಡಿದರು.

ಆಮೇಲೆ ಅವರ ಬಾಯಿಂದ ಬಂದದ್ದು ಇಂಗ್ಲಿಷಲ್ಲ. “ಅಯ್ಯಯ್ಯಯ್ಯಪ್ಪಾ!” ಎನ್ನುತ್ತ ಬರಿಗಾಲಿನಲ್ಲಿ ಒಂದು ಗೇಣು ಮೇಲೆ ಹಾರಿ, ಕುರ್ಚಿಯ ಹಿಂದೆ ಇಳಿದರು. ಟೈ ಭುಜದ ಮೇಲಿತ್ತು.

ಗಂಟೆಣ್ಣ ಗಡಿಬಿಡಿಯಿಲ್ಲದೆ ಎದ್ದು ಪ್ಲಗ್ ಕಿತ್ತರು. ನಾನು ಎಳೆದಿದ್ದ ವೈರಿನ ತುದಿ ಎತ್ತಿ ತೋರಿಸಿದರು. ಅದಕ್ಕೆ ಎರಡೇ ಪಿನ್ನು. ಸೋರುವ ಕರೆಂಟನ್ನು ನೆಲಕ್ಕೆ ಇಳಿಸುವ ಮೂರನೆಯ ಪಿನ್ನು, ಅಂದರೆ ಅರ್ತಿಂಗ್, ಇರಲೇ ಇಲ್ಲ.

“ಮೂರ್ ಸಲ ಯೋಳ್ದೆ ಸಾ. ಅರ್ತ್ ಆಗಿಲ್ಲ, ಅರ್ತ್ ಆಗಿಲ್ಲ ಅಂತ.”

ಪರೀಕ್ಷಕರು ಅಂಗೈ ಉಜ್ಜಿಕೊಳ್ಳುತ್ತ ಬಗ್ಗಿ ಆ ವೈರಿನ ತುದಿಯನ್ನು ನೋಡಿದರು. “ಈಗ ಅರ್ಥ ಆಯ್ತು” ಎಂದರು. ನೀರು ಕುಡಿದರು. “ಯಾರು ಈ ವೈರು ಎಳೆದದ್ದು?” ಎಂದು ಕೇಳಿದರು. ನಾನೇ ಎಂದೆ. ಎಂ.ಎಸ್ಸಿ. ಎಂದು ಹೇಳಲಿಲ್ಲ.

ಗಂಟೆಣ್ಣ ಐದು ನಿಮಿಷದಲ್ಲಿ ಮೂರು ಪಿನ್ನಿನ ಪ್ಲಗ್ ಹಾಕಿ, ಟೆಸ್ಟರ್ ಇಟ್ಟು ನೋಡಿ, “ಈಗ ಮುಟ್ಟಿ ಸಾ” ಎಂದರು. ಪರೀಕ್ಷಕರು ಮುಟ್ಟಲಿಲ್ಲ. ಕಾಲು ಭಾಗ ಸುತ್ತಿದ್ದ ಸೊನ್ನೆಯನ್ನು ನಾಲ್ಕರ ಹಾಗೆ ತಿದ್ದಿ, ಪಕ್ಕದಲ್ಲಿ ಎಂಟು ಬರೆದರು. ಐವತ್ತಕ್ಕೆ ನಲವತ್ತೆಂಟು. ಎರಡು ಅಂಕ ಯಾಕೆ ಕಳೆದಿರಿ ಎಂದು ಕಾರ್ಯದರ್ಶಿಗಳು ಊಟದ ಹೊತ್ತಿನಲ್ಲಿ ವಿಚಾರಿಸಿದರು.

“ಉಚ್ಚಾರಣೆಗೆ” ಎಂದರು ಪರೀಕ್ಷಕರು.

ಸರ್ಟಿಫಿಕೇಟ್ ಮೇ ತಿಂಗಳಲ್ಲಿ ಬಂತು. ಜೂನ್‌ನಲ್ಲಿ, ಅಧ್ಯಕ್ಷರ ‘ಇಲ್ಲ’ ಗೇಟಿನ ಲೆಕ್ಕದಂತೆ ಉಲ್ಟಾ ಆಗಿ, ಗಂಟೆಣ್ಣ ಕಾಯಂ ಆದರು. ಆದೇಶ ಕೊಡುವ ದಿನ ಹೆಡ್‌ಮಾಸ್ಟರು ಅಂಕಪಟ್ಟಿಯನ್ನು ತಿರುವಿ ಮುರುವಿ ನೋಡಿದರಂತೆ.

“ಪರವಾಗಿಲ್ಲ ಕಣಯ್ಯ, ವೈವಾದಲ್ಲಿ ನಲವತ್ತೆಂಟು! ಎಷ್ಟು ಪ್ರಶ್ನೆಗೆ ಉತ್ತರ ಹೇಳಿದೆ?”

“ಒಂದ್ಕೂ ಯೋಳ್ನಿಲ್ಲ ಸಾ.”

“ಮತ್ತೆ ಅವರು ಹೇಗಪ್ಪಾ ಪಾಸು ಮಾಡಿದ್ರು?”

“ಕಂಪ್ಯೂಟ್ರುಗೆ ಅರ್ತ್ ಇರ್ನಿಲ್ಲ ಸಾ” ಎಂದರಂತೆ ಗಂಟೆಣ್ಣ. “ಅವ್ರೇ ಆದ್ರು.”